ಅಪ್‌ಡೇಟ್: ಸಂಶೋಧನೆಯ ಅರ್ಜಿಯಲ್ಲಿ ಕೊನೆಗೂ ಏನು ಬರೆದೆ

ನೇಪಾಳದಿಂದ ಬಂದು ಹಾಸನದಲ್ಲಿ ಇಂಜಿನಿಯರಿಂಗ್ ಓದುವವನು ಸಂಶೋಧನೆಯ ಅರ್ಜಿಯಲ್ಲಿ ತನ್ನ ಬಗ್ಗೆ ಏನು ಬರೆಯಬೇಕು ಅಂತ ಹೋದ ತಿಂಗಳು ಕೇಳಿದ್ದೆ. ಸೀಟು ಸಿಕ್ಕಿತು!

‘ಬಾಲ್ಯದಿಂದಲೂ ಆಸಕ್ತಿ’ ಎಂಬ ಶುರು, ಹವ್ಯಾಸಗಳ ಪಟ್ಟಿ, ಎರಡೂ ಕೆಲಸಕ್ಕೆ ಬರಲಿಲ್ಲ. ‘ಕಣ್ಣಾರೆ ಕಂಡ ಒಂದು ತೊಂದರೆಯಿಂದ ಶುರು ಮಾಡಿ’ ಎಂದವರ ಮಾತೇ ಕೈ ಹಿಡಿಯಿತು. ಸಕಲೇಶಪುರದ ಕಾಫಿ ತೋಟದಲ್ಲಿ ಕೆಲಸ ಮಾಡುವ ಅಪ್ಪ, ಬಿಳಿ ಕಾಂಡಕೊರಕ ಎಂಬ ಹುಳು ಹೊಕ್ಕ ಅರೇಬಿಕಾ ಕಾಫಿ ಗಿಡ ಕಿತ್ತು ಸುಡುತ್ತಿದ್ದರು. ಹುಳು ಇರುವುದು ಕಾಂಡದೊಳಗೆ. ಎಲೆ ಹಳದಿಯಾಗುವಷ್ಟರಲ್ಲಿ ತಡವಾಗಿರುತ್ತದೆ, ಅಲ್ವಾ? ಅದು ಕೊರೆಯುವ ಕಂಪನವನ್ನು ಸೆನ್ಸರ್‌ನಲ್ಲಿ ಮೊದಲೇ ಹಿಡಿಯಬೇಕು ಅನ್ನೋದು ನನ್ನ ಆಸೆ. ಅದನ್ನೇ ಬರೆದೆ.

ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ 1925ರಿಂದ ಇದೆ ಅಂತ ಆಗಲೇ ಗೊತ್ತಾಗಿದ್ದು. ಸಂದರ್ಶನದಲ್ಲಿ ಅಂಕಗಳಿಗಿಂತ ಅಪ್ಪನ ಕೆಲಸದ ಬಗ್ಗೆಯೇ ಜಾಸ್ತಿ ಕೇಳಿದರು. ಅದನ್ನು ಮುಚ್ಚಿಡಬೇಕು ಅಂದುಕೊಂಡಿದ್ದೆ.