ಮೌತ್ ಆರ್ಗನ್ ಕಲಿಯೋಕೆ ಎಲ್ಲಿಂದ ಶುರು ಮಾಡಲಿ? ಯಾರನ್ನು ಕೇಳಲಿ?

ಆಲೆಮನೆ ಮಂಡ್ಯ

ಎಲ್ಲರಿಗೂ ನಮಸ್ಕಾರ. ಮಂಡ್ಯದ ಹತ್ತಿರ ನಮ್ಮದೊಂದು ಸಣ್ಣ ಆಲೆಮನೆ ಇದೆ. ವಯಸ್ಸು 47. ರಾತ್ರಿ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕಾಯುವ ತನಕ ಸುಮ್ನೆ ಕೂತಿರಬೇಕು. ಮೊದಲೆಲ್ಲ ಮೊಬೈಲ್ ನೋಡುತ್ತಿದ್ದೆ. ಹೊಗೆ ಒಂದು ಕಡೆ, ಮೊಬೈಲ್ ಒಂದು ಕಡೆ, ಕಣ್ಣು ಕೆಂಪಗಾಗುತ್ತಿತ್ತು. ಯುಗಾದಿ ಬಟ್ಟೆಗೆ ಮೈಸೂರಿಗೆ ಹೋದಾಗ ಸಯ್ಯಾಜಿರಾವ್ ರಸ್ತೆಯ ಒಂದು ಅಂಗಡಿಯಲ್ಲಿ ಮೌತ್ ಆರ್ಗನ್ ಕಂಡಿತು. ನಾನೂರೈವತ್ತು ಕೊಟ್ಟು ತಂದೆ. ಮನೆಯವಳು ಇವತ್ತಿಗೂ ಅದರ ಬಗ್ಗೆ ಕೇಳುತ್ತಾಳೆ.

ಈಗ ಕಷ್ಟ ಕೇಳಿ. ವೀಡಿಯೊದವರು "ನಾಲ್ಕನೇ ತೂತಿಗೆ ಊದಿ, ಅದೇ ತೂತಿನಲ್ಲಿ ಉಸಿರು ಎಳೀರಿ" ಅಂತಾರೆ. ನನ್ನದರಲ್ಲಿ ತೂತು ಎರಡು ಸಾಲು, ಒಂದೊಂದು ಸಾಲಿಗೆ 24. ಒಂದಕ್ಕೆ ಊದಿದರೆ ಸ್ವರ ಬರುತ್ತದೆ, ಎಳೆದರೆ ಏನೂ ಇಲ್ಲ. ಪಕ್ಕದ್ದರಲ್ಲಿ ಎಳೆದರೆ ಮಾತ್ರ ಬರುತ್ತದೆ. ಕೆಟ್ಟಿದೆಯಾ?

ಇನ್ನೊಂದು. ಹೋದ ವಾರ ಬಿಸಿ ಬೆಲ್ಲ ಬಾಯಿಗೆ ಹಾಕಿಕೊಂಡು ಹಾಗೇ ಊದಿಬಿಟ್ಟೆ. ಎರಡು ಸ್ವರ ಮೂಕವಾಗಿವೆ. ನಗಬೇಡಿ.

ಮಗಳು ಕರ್ನಾಟಕ ಸಂಗೀತಕ್ಕೆ ಹೋಗುತ್ತಾಳೆ, ಈಗ ಗೀತೆ ಅನ್ನುವ ಪಾಠಕ್ಕೆ ಬಂದಿದ್ದಾಳೆ. ಅವಳ ಜೊತೆ 'ವರವೀಣಾ' ಗೀತೆ ನುಡಿಸಬೇಕು ಅಂತ ಆಸೆ. ಅವಳಿಗೆ ಹೇಳಿಲ್ಲ. ಒಳ್ಳೆಯ ವಾದಕರು ಯಾರಿದ್ದಾರೆ, ಅದನ್ನೂ ತಿಳಿಸಿ. ಸಿನಿಮಾ ಹಾಡು ಬಿಟ್ಟರೆ ನನಗೆ ಬೇರೇನೂ ಗೊತ್ತಿಲ್ಲ.

ಕುಕ್ಕರಹಳ್ಳಿ ವಾಕಿಂಗ್

ಕೆಟ್ಟಿಲ್ಲ ಅಣ್ಣ. ನಿಮ್ಮದು ಟ್ರೆಮೊಲೊ ಅನ್ನುವ ಬಗೆ. ಅದರಲ್ಲಿ ಊದುವ ತೂತು ಬೇರೆ, ಎಳೆಯುವ ತೂತು ಬೇರೆ. ಒಂದು ಸ್ವರಕ್ಕೆ ಮೇಲೊಂದು ಕೆಳಗೊಂದು ಎರಡು ರೀಡ್, ಅಂದರೆ ನಡುಗಿ ಸ್ವರ ಕೊಡುವ ತೆಳು ಲೋಹದ ಪಟ್ಟಿ, ಇರುತ್ತದೆ. ಎರಡನ್ನೂ ಬೇಕಂತಲೇ ಸ್ವಲ್ಪ ಹೆಚ್ಚುಕಮ್ಮಿ ಶ್ರುತಿ ಮಾಡಿರುತ್ತಾರೆ. ಆ ನಡುಗುವ ದನಿ ಬರುವುದೇ ಅದರಿಂದ. ವೀಡಿಯೊದವರ ಕೈಯಲ್ಲಿರುವುದು 10 ತೂತಿನ ಡಯಾಟೋನಿಕ್, ಒಂದೇ ತೂತಿನಲ್ಲಿ ಊದುವುದೂ ಎಳೆಯುವುದೂ ಇರುವ ಬಗೆ. ನಾನೂ ಟ್ರೆಮೊಲೊ ಹಿಡಿದುಕೊಂಡು ಆ ವೀಡಿಯೊ ನೋಡಿ ಆರು ತಿಂಗಳು ಹಾಳು ಮಾಡಿದವನೇ. ಸಿ ಕೀ, ಅಂದರೆ ಸಿ ಶ್ರುತಿ, ಇರುವ ಡಯಾಟೋನಿಕ್ ಒಂದು ತನ್ನಿ. ಪಾಠ ಜಾಸ್ತಿ ಸಿಗುವುದು ಅದಕ್ಕೇ.

ಬೆಲ್ಲಕ್ಕೆ: ತೂತುಗಳಿರುವ, ಬಾಚಣಿಗೆ ಹಲ್ಲಿನಂಥ ಒಳಭಾಗ ಪ್ಲಾಸ್ಟಿಕ್ ಆಗಿದ್ದರೆ ಉಗುರುಬೆಚ್ಚಗಿನ ನೀರಿನಲ್ಲಿ ಸ್ವಲ್ಪ ಹೊತ್ತು ಅದ್ದಿ. ಆಮೇಲೆ ತೂತು ಕೆಳಗೆ ಮಾಡಿ ಅಂಗೈಗೆ ತಟ್ಟಿ, ಒಣಗಲು ಬಿಡಿ. ಮರದ್ದಾಗಿದ್ದರೆ ಮಾತ್ರ ನೀರು ಮುಟ್ಟಿಸಬೇಡಿ, ಊದಿಕೊಳ್ಳುತ್ತದೆ.

ಸಂಜೆ ರೈಲು

ಮಂಡ್ಯ ಮೈಸೂರು ರೈಲಲ್ಲಿ ದಿನಾ ಓಡಾಡುವವನು ನಾನು. ಗುರು, ಮೊದಲು ಕೇಳಬೇಕಾದವರು ಅಮೆರಿಕದ ವಾದಕ ಡಿಫೋರ್ಡ್ ಬೇಲಿ. 1927ರಲ್ಲಿ ಧ್ವನಿಮುದ್ರಣವಾದ ಅವರ 'ಪ್ಯಾನ್ ಅಮೆರಿಕನ್ ಬ್ಲೂಸ್' ಇದೆ. ಪಕ್ಕವಾದ್ಯ ಏನೂ ಇಲ್ಲ, ಬರೀ ಮೌತ್ ಆರ್ಗನ್‌ನಲ್ಲೇ ರೈಲಿನ ಸದ್ದು. ಗಾಡಿ ಹೊರಡುತ್ತದೆ, ವೇಗ ಹಿಡಿಯುತ್ತದೆ, ಸೀಟಿ ಹಾಕುತ್ತದೆ. ಹೊಸಬರಿಗೂ ಇದೇ ಮೊದಲ ಪಾಠ ಆಗಬಹುದು. ಡಯಾಟೋನಿಕ್‌ನ ಒಂದು, ಎರಡನೇ ತೂತು ಒಟ್ಟಿಗೆ ಹಿಡಿದು ಎರಡು ಸಲ ಎಳೆಯಿರಿ, ಎರಡು ಸಲ ಊದಿ. ನಿಧಾನಕ್ಕೆ. ಉಸಿರು ಕಟ್ಟುವುದು ತಪ್ಪುತ್ತದೆ.

ಸಿನಿಮಾ ಹಾಡು ಅಂದಿರಲ್ಲ, 1958ರ 'ಸೋಲ್ವಾ ಸಾಲ್' ಚಿತ್ರದ 'ಹೈ ಅಪ್ನಾ ದಿಲ್' ಕೇಳಿ. ಸಂಗೀತ ಎಸ್.ಡಿ. ಬರ್ಮನ್ ಅವರದು, ಅದರಲ್ಲಿ ಮೌತ್ ಆರ್ಗನ್ ನುಡಿಸಿದ್ದು ಮಗ ಆರ್.ಡಿ. ಬರ್ಮನ್. 'ಶೋಲೆ'ಯಲ್ಲಿ ಅಮಿತಾಭ್ ಬಾಯಲ್ಲಿ ಇರುತ್ತದಲ್ಲ, ಆ ನಾದ ಭಾನು ಗುಪ್ತ ಅವರದು.

ಪಿಟೀಲು ಅಕ್ಕ, ಸರಸ್ವತಿಪುರಂ

ಸಿ ಕೀ ತನ್ನಿ ಅಂದವರ ಮಾತು ನನಗೆ ಒಪ್ಪಿಗೆ ಇಲ್ಲ. ಡಯಾಟೋನಿಕ್ ಒಂದೇ ಶ್ರುತಿಯ ವಾದ್ಯ. ಮಗಳು ಬೇರೆ ಶ್ರುತಿಯಲ್ಲಿ ಹಾಡಿದರೆ ನಿಮ್ಮದು ಒಂದು ದಾರಿ, ಅವಳದು ಒಂದು ದಾರಿ. ಅವಳ ಶ್ರುತಿ ಪೆಟ್ಟಿಗೆಯಲ್ಲಿ ಯಾವ ಅಕ್ಷರ ಇದೆ ನೋಡಿ, ಅದೇ ಕೀ ತನ್ನಿ. ಕೀ ಬದಲಾದರೂ ತೂತಿನ ನಂಬರ್ ಬದಲಾಗುವುದಿಲ್ಲ, ಆದ್ದರಿಂದ ಪಾಠಕ್ಕೇನೂ ತೊಂದರೆ ಇಲ್ಲ.

ವರವೀಣಾ ಮೋಹನ ರಾಗ. ನಿಮ್ಮ ಅದೃಷ್ಟ. ಡಯಾಟೋನಿಕ್‌ನ ನಾಲ್ಕನೇ ತೂತು ಊದಿದರೆ ಸ, ನಾಲ್ಕು ಎಳೆದರೆ ರಿ, ಐದು ಊದಿದರೆ ಗ, ಆರು ಊದಿದರೆ ಪ, ಆರು ಎಳೆದರೆ ದ, ಏಳು ಊದಿದರೆ ಮೇಲಿನ ಸ. ಮುಗಿಯಿತು, ಮೋಹನ ಪೂರ್ತಿ ಕೈಗೆ ಬಂತು. ನಾಲ್ಕರಿಂದ ಕೆಳಕ್ಕೆ ಮಾತ್ರ ಹೋಗಬೇಡಿ. ಅಲ್ಲಿ ಮ, ದ ಎರಡೂ ನೇರವಾಗಿ ಇಲ್ಲ.

ಸಂಗೀತದ ಮೊದಲ ಪಾಠವಾದ ಸರಳೆ ವರಸೆಗೆ ಬಂದರೆ ಕಷ್ಟ, ಅದು ಮಾಯಾಮಾಳವಗೌಳ ರಾಗ. ಆದರೂ ಆಗುತ್ತದೆ! ನಾಲ್ಕನ್ನು ಎಳೆಯುವಾಗ ನಾಲಿಗೆಯನ್ನು ಹಿಂದಕ್ಕೆ ತಗ್ಗಿಸಿ ಸ್ವರ ಬಗ್ಗಿಸಿದರೆ ಶುದ್ಧ ರಿಷಭ. ಆರಕ್ಕೂ ಹಾಗೇ ಮಾಡಿದರೆ ಶುದ್ಧ ಧೈವತ. ಇದಕ್ಕೆ ಬೆಂಡ್ ಅನ್ನುತ್ತಾರೆ. ಊದುವ ರೀಡು, ಎಳೆಯುವ ರೀಡು ಎರಡೂ ಒಂದೇ ತೂತಿನಲ್ಲಿ ಇರುವುದರಿಂದ ಇದು ಸಾಧ್ಯ. ನಿಮ್ಮ ಟ್ರೆಮೊಲೊದಲ್ಲಿ ಹೀಗೆ ಬಗ್ಗಿಸುವುದು ಆಗದ ಮಾತು. ನನ್ನ ತಮ್ಮನಿಗೆ ಮೊದಲ ಬೆಂಡ್ ಬರಲು ಮೂರು ತಿಂಗಳು ಬೇಕಾಯಿತು. ಪಕ್ಕದ ಮನೆಯವರು ಕರು ಏನಾದರೂ ಕಟ್ಟಿದ್ದೀರಾ ಅಂತ ಕೇಳಿದ್ದರು.

ಬೆಂಡ್ ಅಂದರೆ ಏನು ಅಂತ ತಿಳಿಯಲು ಅಮೆರಿಕದ ಲಿಟಲ್ ವಾಲ್ಟರ್ ಕೇಳಿ, 1952ರ 'ಜೂಕ್'. ಜಾರುವ ಸ್ವರ ನಮ್ಮ ಕಿವಿಗೆ ಹೊಸದಲ್ಲ, ಅಲ್ವಾ? ಮನಸ್ಸು ತಣ್ಣಗಾಗಬೇಕಾದರೆ ಬೆಲ್ಜಿಯಂನ ಟೂಟ್ಸ್ ಥೀಲೆಮಾನ್ಸ್. ಅವರದು ಗುಂಡಿ ಒತ್ತುವ ಕ್ರೋಮ್ಯಾಟಿಕ್, ಹನ್ನೆರಡು ಸ್ವರವೂ ಸಿಗುವಂಥದ್ದು. ಆದರೆ ಹತ್ತು ಜನರನ್ನು ಗುಡ್ಡೆ ಹಾಕಿಕೊಳ್ಳಬೇಡಿ. ಒಬ್ಬರದು ಒಂದೇ ತುಣುಕು, ನಿಮಗೆ ಗುನುಗಲು ಬರುವ ತನಕ ಅದನ್ನೇ ಕೇಳಿ.

ಆಲೆಮನೆ ಮಂಡ್ಯ

ಅಕ್ಕ, ಮಗಳು ಶಾಲೆಗೆ ಹೋದ ಮೇಲೆ ಶ್ರುತಿ ಪೆಟ್ಟಿಗೆ ನೋಡಿದೆ. ಜಿ ಅಂತ ಇದೆ. ಶನಿವಾರ ಮೈಸೂರಿಗೆ ಹೋಗಿ ಅದೇ ಕೀ ತರುತ್ತೇನೆ. ಮನೆಯಲ್ಲಿ ಟ್ರ್ಯಾಕ್ಟರ್ ಸಾಮಾನು ಅಂತ ಹೇಳಿದ್ದೇನೆ.

ರೈಲಿನವರೇ, ಆ ರೈಲು ರಾತ್ರಿ ಕೇಳಿದೆ. ಒಲೆಗೆ ಸಿಪ್ಪೆ ಹಾಕುವ ಹುಡುಗ ಇನ್ನೊಂದು ಸಲ ಹಾಕಿ ಅಂದ. ನಾಲ್ಕು ಸಲ ಹಾಕಿದೆವು. ಆ ಪಾಕ ಸ್ವಲ್ಪ ಸೀದಿತು.

ಬೆಚ್ಚಗಿನ ನೀರಿಗೆ ಒಂದು ಸ್ವರ ಬಾಯಿ ಬಿಟ್ಟಿದೆ. ಇನ್ನೊಂದು ಇನ್ನೂ ಕಚ್ಚಿಕೊಂಡಿದೆ. ಮೇಲಿನ ತಗಡು ಬಿಚ್ಚಬಹುದಾ?