ಪ್ರೋಟೀನ್ ಅದೇ, ಕೋಡಾನ್ ಮಾತ್ರ ಬೇರೆ. ಯೀಸ್ಟ್‌ನಲ್ಲಿ ಎಂಆರ್‌ಎನ್‌ಎ ಯಾಕೆ ಮಾಯವಾಯ್ತು?

ಪ್ರಶ್ನೆ:
ಒಂದೇ ಜೀನ್‌ನ ಎರಡು ರೂಪಗಳನ್ನು ಬ್ರೆಡ್ ಯೀಸ್ಟ್‌ಗೆ ಹಾಕಿದ್ದೇನೆ. ಅಮೈನೋ ಆಮ್ಲಗಳ ಸಾಲು ಎರಡರಲ್ಲೂ ಒಂದೇ, ಪ್ರೊಮೋಟರ್ (ಜೀನ್ ಓದು ಶುರು ಮಾಡಿಸುವ ತುಂಡು) ಒಂದೇ, ಪ್ಲಾಸ್ಮಿಡ್ (ಜೀನ್ ಹೊತ್ತ ಡಿಎನ್‌ಎ ಉಂಗುರ) ಒಂದೇ. ಎರಡನೆಯದರಲ್ಲಿ ಮಾತ್ರ ಯೀಸ್ಟ್ ಅಪರೂಪಕ್ಕೆ ಬಳಸುವ ಕೋಡಾನ್‌ಗಳು (ಒಂದೊಂದು ಅಮೈನೋ ಆಮ್ಲವನ್ನು ಸೂಚಿಸುವ ಮೂರಕ್ಷರದ ಗುಂಪುಗಳು) ಜಾಸ್ತಿ. ಪ್ರೋಟೀನ್ ಕಡಿಮೆ ಬರುತ್ತದೆ ಅಂತ ಅಂದುಕೊಂಡಿದ್ದೆ, ಆದರೆ ಆರ್‌ಎನ್‌ಎ ಪ್ರಮಾಣ ತೋರಿಸುವ ನಾರ್ದರ್ನ್ ಬ್ಲಾಟ್‌ನಲ್ಲಿ ಎಂಆರ್‌ಎನ್‌ಎ (ಜೀನ್‌ನ ಆರ್‌ಎನ್‌ಎ ಪ್ರತಿ) ಪಟ್ಟಿಯೇ ಹುಡುಕಿ ನೋಡಬೇಕಾದಷ್ಟು ಮಸುಕು. ಮೂರು ಸಲ ಮಾಡಿದೆ, ಮೂರು ಸಲವೂ ಹಾಗೇ. ಕೋಡಾನ್ ಕೆಲಸಕ್ಕೆ ಬರುವುದು ಪ್ರೋಟೀನ್ ಕಟ್ಟುವ ರೈಬೋಸೋಮ್ ಓದುವಾಗ ಅಲ್ವಾ? ಎಂಆರ್‌ಎನ್‌ಎ ಪ್ರಮಾಣ ಯಾಕೆ ಇಳಿಯಬೇಕು?

ಉತ್ತರ 1:
ನಿಮ್ಮ ಬ್ಲಾಟ್ ಸರಿಯಾಗಿಯೇ ಇದೆ ಅನ್ನಿಸುತ್ತದೆ. ರೈಬೋಸೋಮ್ ಎಷ್ಟು ಸಲೀಸಾಗಿ ಓದುತ್ತದೆ ಅನ್ನುವುದರ ಮೇಲೆಯೇ ಎಂಆರ್‌ಎನ್‌ಎ ಆಯಸ್ಸು ನಿಂತಿದೆ.

ಆರ್ಜಿನೀನ್ ಅನ್ನುವ ಅಮೈನೋ ಆಮ್ಲವನ್ನೇ ತೆಗೆದುಕೊಳ್ಳಿ. ಯೀಸ್ಟ್‌ನಲ್ಲಿ ಎಜಿಎ ಕೋಡಾನ್ ಓದುವ ಟಿಆರ್‌ಎನ್‌ಎಗೆ (ಅಮೈನೋ ಆಮ್ಲ ಹೊತ್ತು ತರುವ ಅಣುವಿಗೆ) 11 ಜೀನ್‌ಗಳಿವೆ, ಸಿಜಿಜಿ ಓದುವುದಕ್ಕೆ ಒಂದೇ ಒಂದು. ಊಟದ ಪಂಕ್ತಿಯಲ್ಲಿ ಅನ್ನ ಬಡಿಸುವವರು ಹನ್ನೊಂದು ಜನ, ಪಲ್ಯಕ್ಕೆ ಒಬ್ಬರೇ ಇದ್ದ ಹಾಗೆ. ಪಲ್ಯ ಬರುವವರೆಗೆ ಎಲೆ ಮುಂದೆ ಕಾಯಬೇಕು. ರೈಬೋಸೋಮ್ ಹೀಗೆ ಕಾಯುತ್ತಾ ನಿಂತಾಗ ಅದರ ಎ ಜಾಗ (ಹೊಸ ಟಿಆರ್‌ಎನ್‌ಎ ಬರುವ ಕಡೆ) ಖಾಲಿ, ಹಳೆಯ ಟಿಆರ್‌ಎನ್‌ಎ ಬಿದ್ದುಹೋಗಿ ಇ ಜಾಗವೂ (ಅದು ಹೊರಹೋಗುವ ಕಡೆ) ಖಾಲಿ. ಎಂಆರ್‌ಎನ್‌ಎ ಬಾಲ ಸವೆಸುವ ಸಿಸಿಆರ್4-ನಾಟ್ ಸಂಕೀರ್ಣದ ನಾಟ್5 ಪ್ರೋಟೀನಿನ ತುದಿ ಆ ಖಾಲಿ ಇ ಜಾಗಕ್ಕೆ ಬಂದು ಕೂರುತ್ತದೆ. 2020ರಲ್ಲಿ ಇದನ್ನು ಕ್ರಯೋ ಎಲೆಕ್ಟ್ರಾನ್ ಮೈಕ್ರೋಸ್ಕೋಪ್‌ನಲ್ಲಿ ನೇರವಾಗಿಯೇ ಕಂಡರು. ಆಮೇಲಿನ ಕೆಲಸ ನಿಮಗೆ ಗೊತ್ತೇ ಇರುತ್ತದೆ: ಎಂಆರ್‌ಎನ್‌ಎ ಕೊನೆಯ ಪಾಲಿ-ಎ ಬಾಲ ಸವೆಯುತ್ತದೆ, ಡಿಸಿಪಿ2 ಕಿಣ್ವ ಮೊದಲ ತುದಿಯ ಕ್ಯಾಪ್ ಕಿತ್ತುಹಾಕುತ್ತದೆ, ಎಕ್ಸ್‌ಆರ್‌ಎನ್1 ಕಿಣ್ವ ಅದೇ 5' ತುದಿಯಿಂದ ತಿನ್ನುತ್ತಾ ಹೋಗುತ್ತದೆ.

ಪಿಜಿಕೆ1 ಜೀನ್‌ಗೆ ಅಪರೂಪದ ಕೋಡಾನ್ ಹಾಕಿದರೆ ಎಂಆರ್‌ಎನ್‌ಎ ಕೂಡ ಇಳಿಯುತ್ತದೆ ಅಂತ 1987ರಲ್ಲೇ ನೋಡಿದ್ದರು. ಇಡೀ ಜೀನೋಮ್ ಮಟ್ಟದಲ್ಲಿ ತೋರಿಸಿದ್ದು 2015ರಲ್ಲಿ, ಜೆಫ್ ಕಾಲರ್ ಅವರ ಗುಂಪು. ಎಲ್‌ಎಸ್‌ಎಂ8 ಜೀನ್‌ನ ಎಂಆರ್‌ಎನ್‌ಎ ಅರ್ಧಾಯುಷ್ಯ (ಅರ್ಧ ಕರಗಲು ಹಿಡಿಯುವ ಸಮಯ) ಸುಮಾರು 5 ನಿಮಿಷ ಇದ್ದದ್ದು ಒಳ್ಳೆಯ ಕೋಡಾನ್ ಹಾಕಿದ ಮೇಲೆ ಸುಮಾರು 18 ನಿಮಿಷ ಆಯ್ತು. ಆ ಕೆಲಸದಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಬೇರೆ. ಅದೇ ಅಕ್ಷರಗಳನ್ನು ಒಂದು ಸ್ಥಾನ ಸರಿಸಿ, ತಪ್ಪು ಫ್ರೇಮ್‌ನಲ್ಲಿ (ಮೂರಕ್ಷರಗಳ ಗುಂಪು ಬದಲಾಗುವ ಹಾಗೆ) ಓದಿ ಲೆಕ್ಕ ಹಾಕಿದರೆ ಕೋಡಾನ್‌ಗೂ ಆಯಸ್ಸಿಗೂ ಇರುವ ಸಂಬಂಧವೇ ಕಳೆದುಹೋಗುತ್ತದೆ. ಅಂದರೆ ಇದು ಸುಮ್ನೆ ಜಿ, ಸಿ ಅಕ್ಷರಗಳ ಪ್ರಮಾಣದ ಆಟ ಅಲ್ಲ.

ಉತ್ತರ 2:
ಒಂದು ಎಚ್ಚರಿಕೆ. ಎರಡನೆಯ ರೂಪದಲ್ಲಿ ಸಿಜಿಎ ಸಿಜಿಎ (ಇದೂ ಆರ್ಜಿನೀನ್ ಕೋಡಾನೇ) ಅಂತ ಪಕ್ಕಪಕ್ಕದಲ್ಲಿ ಎಲ್ಲಾದರೂ ಬಂದಿದೆಯಾ ನೋಡಿ. ಆ ಜೋಡಿ ಬಂದರೆ ರೈಬೋಸೋಮ್ ನಿಧಾನವಾಗುವುದಲ್ಲ, ಸಿಕ್ಕಿಹಾಕಿಕೊಳ್ಳುತ್ತದೆ. ಹಿಂದಿನದು ಬಂದು ಡಿಕ್ಕಿ ಹೊಡೆಯುತ್ತದೆ, ಹೆಲ್2 ಅನ್ನುವ ಪ್ರೋಟೀನ್ ಅದನ್ನು ಗುರುತಿಸುತ್ತದೆ. ಅದು ಬೇರೆಯೇ ದಾರಿ. ಎರಡನ್ನೂ ಒಂದೇ ಅಂತ ಬರೆದುಬಿಟ್ಟರೆ ಆಮೇಲೆ ಕಷ್ಟ.

ಇನ್ನೊಂದು ವಿಷಯ, ಬರೀ ಪ್ರಮಾಣ ನೋಡಿ ಆಯಸ್ಸು ಕಡಿಮೆ ಅಂತ ಹೇಳಬೇಡಿ, ಅಳೆಯಿರಿ. ಗ್ಯಾಲ್1 ಪ್ರೊಮೋಟರ್ ಹಾಕಿ, ಗ್ಯಾಲಕ್ಟೋಸ್‌ನಲ್ಲಿ ಬೆಳೆಸಿ, ಗ್ಲೂಕೋಸ್ ಸುರಿದ ಕೂಡಲೇ ಗಡಿಯಾರ ಶುರು. ಹೊಸ ಎಂಆರ್‌ಎನ್‌ಎ ನಿಂತುಹೋಗುತ್ತದೆ, ಇದ್ದದ್ದು ಕರಗುವುದು ಮಾತ್ರ ಕಾಣುತ್ತದೆ. ನಿಮ್ಮದು ಬೇಗ ಕರಗುವಂಥದ್ದು, ಹಾಗಾಗಿ ಮೊದಲ ಐದು ನಿಮಿಷದಲ್ಲೇ ಮೂರ್ನಾಲ್ಕು ಸ್ಯಾಂಪಲ್ ತೆಗೆಯಿರಿ. ನಾನು ಮೊದಲ ಸಲ ಹತ್ತು ನಿಮಿಷಕ್ಕೊಂದು ತೆಗೆದು, ಸೊನ್ನೆ ನಿಮಿಷದ ಪಟ್ಟಿ ಬಿಟ್ಟರೆ ಉಳಿದದ್ದೆಲ್ಲ ಖಾಲಿ ಜೆಲ್ ನೋಡಿ ಒಂದು ವಾರ ಕಳೆದುಕೊಂಡೆ.

ಪ್ರಶ್ನೆ ಕೇಳಿದವರು:
ಈಗ ಸೀಕ್ವೆನ್ಸ್ ತೆಗೆದು ನೋಡಿದೆ. ಸಿಜಿಎ ಜೋಡಿ ಒಂದಿದೆ, ಕೊನೆಯ ಭಾಗದಲ್ಲಿ. ಆ ಒಂದನ್ನು ಎಜಿಎ ಮಾಡಿ ಮೂರನೆಯ ರೂಪ ಕಟ್ಟುತ್ತೇನೆ. ಮೂರನ್ನೂ ಗ್ಯಾಲ್1 ಕೆಳಗೆ ಹಾಕಿ ಅಳೆದು ಇಲ್ಲೇ ಬರೆಯುತ್ತೇನೆ.