ಲೇಯರ್ ಹಾಕಿದಷ್ಟೂ ತೆರೆ ಬಿಳಿ ಆಗುತ್ತೆ, ಅನುಭವ ಇದ್ದವರು ಹೇಳ್ತೀರಾ?

ಹೊಸಬ: ನಮ್ಮ ಬೀದಿ ಗಣೇಶೋತ್ಸವಕ್ಕೆ ಹುಡುಗರ ಆರ್ಕೆಸ್ಟ್ರಾ ಇದೆ. ಹಿಂದೆ ಎಲ್‌ಇಡಿ ವಾಲ್. ಹಾಡಿಗೆ ತಕ್ಕಂತೆ ಚಿತ್ರ ಕುಣಿಸುವ ಕೆಲಸ ನನ್ನ ತಲೆಗೆ ಬಂದಿದೆ. ಟಚ್‌ಡಿಸೈನರ್ ಅನ್ನೋ ಚಿತ್ರ ಕುಣಿಸುವ ಸಾಫ್ಟ್‌ವೇರ್‌ನಲ್ಲಿ ಅಲೆ, ಉಂಗುರ, ಚುಕ್ಕಿ ಅಂತ ಮೂರು ಲೇಯರ್ ಮಾಡಿ, ಹಿಂದಿನ ಫ್ರೇಮಿನ ನೆರಳು ಉಳಿಯಲಿ ಅಂತ ಫೀಡ್‌ಬ್ಯಾಕ್ ಕೊಟ್ಟೆ. ಹತ್ತೇ ಸೆಕೆಂಡಿಗೆ ಪೂರ್ತಿ ಬಿಳಿ. ಇನ್ನು ಎರಡೇ ವಾರ. ಇದನ್ನೇ ಮುಂದುವರಿಸಲಾ, ಬೇರೆ ಸಾಫ್ಟ್‌ವೇರ್ ನೋಡಲಾ?

ಹಳೇ ವಿನ್‌ಆಂಪ್: ಇವತ್ತಿನವರಿಗೆ ಎವಿಎಸ್ ಗೊತ್ತೇ ಇಲ್ಲ, ಅದೇ ಬೇಜಾರು. ಕಾಲೇಜಿನಲ್ಲಿ ವಿನ್‌ಆಂಪ್ ಅನ್ನೋ ಹಾಡು ಕೇಳುವ ಸಾಫ್ಟ್‌ವೇರ್ ಜೊತೆ ಬರುತ್ತಿದ್ದ, ಹಾಡಿಗೆ ಚಿತ್ರ ಕುಣಿಸುವ ಎವಿಎಸ್‌ನಲ್ಲೇ ನಾನು ಎಲ್ಲಾ ಕಲಿತದ್ದು. ಎಡಗಡೆ ಎಫೆಕ್ಟ್‌ಗಳ ಒಂದು ಪಟ್ಟಿ, ಮೇಲಿಂದ ಕೆಳಕ್ಕೆ ಓಡುತ್ತೆ, ಅಷ್ಟೇ. ಸೂಪರ್‌ಸ್ಕೋಪ್ ಗೆರೆ ಎಳೆಯುತ್ತೆ. ಮೂವ್‌ಮೆಂಟ್ ಇಡೀ ಚಿತ್ರವನ್ನು ತಿರುಚುತ್ತೆ. ಫೇಡ್‌ಔಟ್ ಮಂಕು ಮಾಡುತ್ತೆ. ಮೂವ್‌ಮೆಂಟ್ ಮೊದಲಿದ್ದು ಸೂಪರ್‌ಸ್ಕೋಪ್ ಆಮೇಲೆ ಬಂದರೆ ಹೊಸ ಗೆರೆ ಚೂಪಾಗಿ ಕಾಣುತ್ತೆ, ಹಳೆಯದು ಮಾತ್ರ ಹೊಗೆಯ ಹಾಗೆ ಸುರುಳಿ ಸುತ್ತುತ್ತೆ. ಅದಲುಬದಲು ಮಾಡಿ, ಹೊಸ ಗೆರೆಯೇ ತಿರುಚಿಕೊಂಡು ಬರುತ್ತೆ. ಈ ಒಂದು ವಿಷಯ ತಿಳಿಯಲು ನನಗೆ ಎರಡು ರಾತ್ರಿ, ಒಂದು ಇಂಟರ್ನಲ್ಸ್ ಪರೀಕ್ಷೆ ಹೋಯಿತು. ಆಮೇಲೆ ಹಾರ್ಡ್‌ಡಿಸ್ಕ್ ಸತ್ತು ನಾನು ಮಾಡಿಟ್ಟಿದ್ದ 140 ಪ್ರಿಸೆಟ್ (ಸೇವ್ ಮಾಡಿದ ವಿನ್ಯಾಸ) ಹೋದವು. ಇವತ್ತಿಗೂ ಹೊಟ್ಟೆ ಉರಿಯುತ್ತೆ.

ಮಿಲ್ಕ್‌ಡ್ರಾಪ್ ಭಕ್ತ: ಎವಿಎಸ್ ಓಡೋದು ಸಿಪಿಯು ಮೇಲೆ ಸ್ವಾಮಿ. ಚಿಕ್ಕ ಕಿಟಕಿಯಲ್ಲಿ ಚೆಂದ, ದೊಡ್ಡದು ಮಾಡಿದರೆ ತೆವಳುತ್ತೆ. ರಯಾನ್ ಗೈಸ್ 2001ರಲ್ಲೇ ಅದೇ ವಿನ್‌ಆಂಪ್‌ಗೆ ಮಿಲ್ಕ್‌ಡ್ರಾಪ್ ಬರೆದು ಕೆಲಸವನ್ನು ಗ್ರಾಫಿಕ್ಸ್ ಕಾರ್ಡಿಗೆ ಕೊಟ್ಟರು. ಅದರಲ್ಲಿ ಬಾಸ್, ಮಿಡ್, ಟ್ರೆಬ್ (ಕೆಳಗಿನ, ನಡುವಿನ, ಮೇಲಿನ ಸ್ವರಗಳ ಜೋರು) ಬೆಲೆಗಳು ಸಾಮಾನ್ಯವಾಗಿ 1ರ ಆಸುಪಾಸು ಇರುತ್ತವೆ. ಇತ್ತೀಚಿನ ಸದ್ದಿಗಿಂತ ಜೋರಾದರೆ ಮೇಲೆ, ಇಲ್ಲಾಂದ್ರೆ ಕೆಳಗೆ. ವಾಲ್ಯೂಮ್ ಚಿಂತೆ ಬೇಡ. ಅಕ್ಕನ ಮದುವೆ ರಿಸೆಪ್ಷನ್‌ಗೆ ಇದನ್ನೇ ಹಾಕಿದ್ದೆ. ಮಾವ ಬಂದು 'ಯಾಕೋ ಪರದೆ ತಲೆ ಸುತ್ತಿಸುತ್ತೆ, ಫೋಟೋ ಹಾಕು' ಅಂದರು. ಮೂರು ತಿಂಗಳ ಕೆಲಸ, ಏಳು ನಿಮಿಷಕ್ಕೆ ಮುಗೀತು.

ಹಳೇ ವಿನ್‌ಆಂಪ್: ಬೇರೆಯವರ ಪ್ರಿಸೆಟ್ ಇಳಿಸಿಕೊಂಡು ಸ್ಪೇಸ್ ಬಾರ್ ಒತ್ತೋದಕ್ಕೆ ಕೆಲಸ ಅನ್ನಬೇಡಿ.

ಮಿಲ್ಕ್‌ಡ್ರಾಪ್ ಭಕ್ತ: ನಾನೇ ಬರೆದದ್ದು. ಗೊತ್ತಿಲ್ಲದೆ ಮಾತಾಡಬೇಡಿ.

ಸಾಲದ ಜಿಪಿಯು: ಇಬ್ಬರೂ ಸ್ವಲ್ಪ ಸುಮ್ನಿರಿ. ನಾನೂ ಟಚ್‌ಡಿಸೈನರ್ ಗಿರಾಕಿ. ಉಚಿತ ಆವೃತ್ತಿಗೆ 1280×1280 ಮಿತಿ ಅಂತ ಹೆದರಿ 600 ಡಾಲರ್ ಲೈಸೆನ್ಸ್, ಮೇಲೆ 38,000ದ ಕಾರ್ಡು, ಅದನ್ನು ತಾಳದ ಹಳೇ ಎಸ್‌ಎಂಪಿಎಸ್ (ಕಂಪ್ಯೂಟರಿನ ಪವರ್ ಡಬ್ಬಿ) ಬದಲಿಸಲು 5,200. ಸ್ಥಳಕ್ಕೆ ಹೋದರೆ ವಾಲ್ 4 ಮೀಟರ್ ಅಗಲ, 3 ಎತ್ತರ. ಪಿ3.9 ಪ್ಯಾನೆಲ್, ಅಂದ್ರೆ ಚುಕ್ಕಿಗಳ ನಡುವೆ 3.9 ಮಿ.ಮೀ., ಅರ್ಧ ಮೀಟರಿಗೆ 128 ಚುಕ್ಕಿ. ಲೆಕ್ಕ ಹಾಕಿ: 1024×768! ಮೊದಲೇ ಒಂದು ಫೋನ್ ಮಾಡಿ ಕೇಳಬಹುದಿತ್ತು. ಇಎಂಐ ಇನ್ನೂ ನಾಲ್ಕು ಕಂತು ಇದೆ.

ಬಿಳಿ ವಿಷಯ: ಹಳೇ ಫ್ರೇಮನ್ನು 0.95ರಿಂದ ಗುಣಿಸಿ ಅದರ ಮೇಲೆ ಹೊಸದನ್ನು ಆಡ್ ಮಾಡ್ತಿದ್ದೆ. ಒಂದೇ ಜಾಗಕ್ಕೆ ಪ್ರತಿ ಫ್ರೇಮೂ ಬೆಳಕು ಬಿದ್ದರೆ ಅದು 20 ಪಟ್ಟಿನ ಹತ್ತಿರ ಹೋಗಿ ನಿಲ್ಲುತ್ತೆ. ಅಂದ್ರೆ ನೂರಕ್ಕೆ ಐದರಷ್ಟು ಮಂದವಾದ ಬೂದು ಬಣ್ಣವೂ ಕೊನೆಗೆ ಬೆಳ್ಳಗೆ. ಲೇಯರ್ ಬೆರೆಸುವ ಕಾಂಪೊಸಿಟ್‌ನಲ್ಲಿ ಆಡ್ ತೆಗೆದು ಮ್ಯಾಕ್ಸಿಮಮ್ (ಎರಡರಲ್ಲಿ ಹೆಚ್ಚು ಬೆಳಕಿನದನ್ನಷ್ಟೇ ಇಡುತ್ತೆ) ಹಾಕಿದೆ, ನಿಂತಿತು. ಇನ್ನೊಂದು ಪೆಟ್ಟು: ಒಂದು ಸಲ ಲ್ಯಾಪ್‌ಟಾಪ್‌ನಲ್ಲಿ ಓಡಿಸುವಾಗ ಚಾರ್ಜರ್ ಕಿತ್ತು ಬಂದು 60 ಫ್ರೇಮ್ 30ಕ್ಕೆ ಇಳಿದಿತ್ತು. ಮಂಕಾಗೋದು ಫ್ರೇಮಿನ ಲೆಕ್ಕದಲ್ಲಿ, ಹಾಗಾಗಿ ನೆರಳಿನ ಬಾಲ ಎರಡು ಪಟ್ಟು ಉದ್ದ. ನಾನು ಕೋಡ್ ತಡಕಾಡ್ತಾ ಕೂತಿದ್ದೆ.

ಮಿಕ್ಸರ್ ಅಣ್ಣ: ಎಲ್ಲರೂ ಚಿತ್ರದ ಬಗ್ಗೆನೇ ಹೇಳ್ತೀರಿ, ಸದ್ದು ಎಲ್ಲಿಂದ ಬರುತ್ತೆ ಅಂತ ಯಾರೂ ಕೇಳಲ್ಲ. ಒಬ್ಬ ಹುಡುಗ ಲ್ಯಾಪ್‌ಟಾಪ್ ಮೈಕ್ ನಂಬಿಕೊಂಡು ಬಂದಿದ್ದ. ಆ ಸಂಜೆ ಅವನ ಉಂಗುರಗಳು ಚೆನ್ನಾಗಿ ಕುಣಿದದ್ದು ಯಾವುದಕ್ಕೆ ಗೊತ್ತಾ? 'ಹಲೋ, ಹಲೋ, ಮೈಕ್ ಟೆಸ್ಟಿಂಗ್' ಮತ್ತು ಪಕ್ಕದ ಜನರೇಟರ್. ನಾನು ಮಿಕ್ಸರ್‌ನ ಆಕ್ಸ್‌ನಿಂದ (ಬೇಕಾದ ಸದ್ದನ್ನಷ್ಟೇ ಬೇರೆ ಕಳಿಸುವ ಔಟ್‌ಪುಟ್) ಬರೀ ತಾಳವಾದ್ಯ ಕೊಟ್ಟೆ, ಗಾಯಕರನ್ನು ತೆಗೆದೆ. ಆಗ ಹಮ್ (ಗುಂಯ್ ಅನ್ನೋ ಕರೆಂಟಿನ ಸದ್ದು) ಶುರು. 1,800 ಕೊಟ್ಟು ಆ ಹಮ್ ತಡೆಯುವ ಡಿಐ ಬಾಕ್ಸ್ ತಂದೆ, ಇವತ್ತಿನವರೆಗೆ ಅವನು ವಾಪಸ್ ಕೊಟ್ಟಿಲ್ಲ. ಸೆಕೆಂಡಿಗೆ 44,100 ಸ್ಯಾಂಪಲ್‌ಗೆ 1024ರ ಎಫ್‌ಎಫ್‌ಟಿ (ಸದ್ದನ್ನು ಕೆಳಗಿನಿಂದ ಮೇಲಿನ ಸ್ವರದವರೆಗೆ ಕಂಬಗಳಾಗಿ ಬಿಡಿಸುವ ಲೆಕ್ಕ) ಇಟ್ಟರೆ ಒಂದೊಂದು ಕಂಬಕ್ಕೆ ಸುಮಾರು 43 ಹರ್ಟ್ಸ್. ಡೊಳ್ಳು, ಬಾಸ್ ಗಿಟಾರ್ ಎರಡೂ ಅದೇ ಎರಡು ಮೂರು ಕಂಬದಲ್ಲಿ ಗುದ್ದಾಡುತ್ತವೆ. ಡೊಳ್ಳಿಗೊಂದು, ಗಿಟಾರಿಗೊಂದು ಚಾನೆಲ್ ಬೇರೆ ತಗೊಳ್ಳಿ.

ಹಳೇ ವಿನ್‌ಆಂಪ್: @ಸಾಲದ ಜಿಪಿಯು, ಮಿತಿಯೊಳಗೆ ಇತ್ತು ಅಂತ ಯಾಕೆ ಕೊರಗ್ತೀರಿ? ಕಾಸು ತಗೊಂಡು ಮಾಡಿದ್ದಾದರೆ ಆ ಉಚಿತ ನಾನ್-ಕಮರ್ಷಿಯಲ್ ಆವೃತ್ತಿ ಬಳಸೋ ಹಾಗೇ ಇಲ್ಲ.

ಸಾಲದ ಜಿಪಿಯು: ಕಾಸಾ? ಒಂದು ಶಾಲು, ಅರ್ಧ ಕೆಜಿ ಲಾಡು.

ಮಿಲ್ಕ್‌ಡ್ರಾಪ್ ಭಕ್ತ: ಲಾಡು ಕಮರ್ಷಿಯಲ್ ಅಲ್ವಾ?

ಮಿಕ್ಸರ್ ಅಣ್ಣ: ನನಗೆ ಲಾಡೂ ಸಿಗಲಿಲ್ಲ. ಬಾಕ್ಸೂ ಹೋಯ್ತು.

ಹೊಸಬ: ಮ್ಯಾಕ್ಸಿಮಮ್ ಹಾಕಿದೆ, ಬಿಳಿ ಹೋಯಿತು. ಈಗ ಉಂಗುರಗಳು ಡೊಳ್ಳಿಗಿಂತ ಒಂದು ಕ್ಷಣ ತಡವಾಗಿ ಬರ್ತಿವೆ. ಅಣ್ಣ, ಆ ಆಕ್ಸ್ ವಿಷಯ ಇನ್ನೊಮ್ಮೆ ಹೇಳ್ತೀರಾ?

ಮಿಕ್ಸರ್ ಅಣ್ಣ: ಮೊದಲು ಡಿಐ ಬಾಕ್ಸ್ ನಿಮ್ಮದೇ ಇದೆಯಾ ಹೇಳಿ.